ಚೆಂಡೆಯವರ ಕಣ್ಣು ಎಲ್ಲಿದೆ

ಯಕ್ಷಗಾನಕ್ಕೆ ಹೊಸಬರನ್ನು ಕರೆದುಕೊಂಡು ಹೋದರೆ ನಾನು ಮೊದಲು ಹೇಳುವುದು ಇದು: ಸ್ವಲ್ಪ ಹೊತ್ತು ವೇಷ ನೋಡಬೇಡಿ, ಚೆಂಡೆಯವರ ಕಣ್ಣು ನೋಡಿ. ಕಿರೀಟ, ಬಣ್ಣ, ಗಿರಗಿರ ತಿರುಗುವ ಧೀಂಗಿಣ ಎಲ್ಲಿಗೂ ಓಡಿಹೋಗುವುದಿಲ್ಲ. ಚೆಂಡೆಯವರು ತಮ್ಮ ಕೈ ನೋಡುವುದಿಲ್ಲ, ಚೆಂಡೆಯನ್ನೂ ನೋಡುವುದಿಲ್ಲ. ಅವರ ಕಣ್ಣು ಕುಣಿಯುವವರ ಪಾದದ ಮೇಲೆ.

ಅಭಿಮನ್ಯು ರಂಗದಲ್ಲಿದ್ದಾನೆ ಅಂತ ಇಟ್ಟುಕೊಳ್ಳಿ. ಹಾಡುವ ಭಾಗವತರು ಜಾಗಟೆ ಹಿಡಿದು ಪದ ಎತ್ತಿದ್ದಾರೆ. ಮದ್ದಳೆ ನಡೆಯುತ್ತಿದೆ. ಹುಡುಗ ಒಂದು ಸುತ್ತು ಕುಣಿದು ಸಭೆಯ ಎದುರಿಗೆ ಬಂದ. ಅವನಲ್ಲಿ ಇನ್ನೂ ಉಸಿರು ಉಂಟು, ಇನ್ನೊಂದು ಸುತ್ತು ಹಾಕುವ ಆಸೆಯೂ ಉಂಟು. ಅದನ್ನು ಬಾಯಿಬಿಟ್ಟು ಹೇಳುವ ಹಾಗಿಲ್ಲ. ಹಿಮ್ಮಡಿ ಒಂಚೂರು ಗಟ್ಟಿಯಾಗಿ ನೆಲಕ್ಕೆ ಬೀಳುತ್ತದೆ, ಅಷ್ಟೇ. ಚೆಂಡೆಯ ಕೋಲು ಅದನ್ನು ಹಿಡಿಯುತ್ತದೆ. ಪೆಟ್ಟು ಬಿಗಿಯಾಗುತ್ತದೆ. ಆ ಬಿಗಿ ಕೇಳಿ ಹುಡುಗನ ಕಾಲಿಗೆ ಇನ್ನಷ್ಟು ಹುರುಪು. ಭಾಗವತರು ನೋಡುತ್ತಾರೆ, ಪದದ ಅದೇ ಸಾಲನ್ನು ಮತ್ತೊಮ್ಮೆ ಎತ್ತುತ್ತಾರೆ. ಸ್ವಲ್ಪ ಹೊತ್ತಿಗೆ ಹುಡುಗನ ಹೆಗಲು ತುಸು ಇಳಿಯುತ್ತದೆ. ಸಭೆಯಲ್ಲಿ ಯಾರಿಗೂ ಗೊತ್ತಾಗುವುದಿಲ್ಲ. ಭಾಗವತರಿಗೆ ಗೊತ್ತಾಗುತ್ತದೆ. ಜಾಗಟೆಯ ಪೆಟ್ಟು ಬದಲಾಗಿ ಮುಕ್ತಾಯ ಬೀಳುತ್ತದೆ. ಅಭಿಮನ್ಯು ನಿಂತು ಅರ್ಥ, ಅಂದರೆ ಪಾತ್ರದ ಮಾತು, ಶುರು ಮಾಡುತ್ತಾನೆ.

ಇಲ್ಲಿ ಯಾರು ಯಾರನ್ನು ಕುಣಿಸಿದರು? ಭಾಗವತರೇ ನಿರ್ದೇಶಕರು ಅಂತ ಹೇಳುವುದು ವಾಡಿಕೆ. ಹೌದು, ಆದರೆ ಅವರು ನಿರ್ದೇಶನ ಕೊಡುವುದಕ್ಕಿಂತ ತೆಗೆದುಕೊಳ್ಳುವುದೇ ಜಾಸ್ತಿ. ವೇಷ ಕಟ್ಟುವ ಚೌಕಿಯಲ್ಲಿ ಮುಂದಿನ ಬಣ್ಣದ ವೇಷದ, ಅಂದರೆ ರಾಕ್ಷಸ ಪಾತ್ರದ, ಮುಖದ ಚುಟ್ಟಿ ಅಲಂಕಾರ ಇನ್ನೂ ಮುಗಿದಿಲ್ಲ ಅಂತ ಸುದ್ದಿ ಬಂದರೆ ಪದ ಉದ್ದವಾಗುತ್ತದೆ. ವೇಷಧಾರಿಗೆ ಗಂಟಲು ಕಟ್ಟಿದ್ದರೆ ಅರ್ಥ ಗಿಡ್ಡವಾಗುತ್ತದೆ, ಕುಣಿತ ಬೆಳೆಯುತ್ತದೆ. ಆಟ, ಅಂದರೆ ಯಕ್ಷಗಾನದ ಪ್ರದರ್ಶನ, ಇವರಲ್ಲಿ ಯಾರೊಬ್ಬರ ತಲೆಯಲ್ಲೂ ಇಲ್ಲ. ಇವರ ನಡುವೆ ಸುತ್ತುತ್ತಾ ಇದೆ.

ನನ್ನ ಹೊಟ್ಟೆಪಾಡು ಕಂಟ್ರೋಲ್ ಪ್ಯಾನೆಲ್‌ಗಳದ್ದು. ಟ್ಯಾಂಕ್ ತುಂಬಿದರೆ ಪಂಪ್ ನಿಲ್ಲಬೇಕು, ಬಿಸಿ ಏರಿದರೆ ಹೀಟರ್ ಆರಬೇಕು, ಇಂಥದ್ದು. ಹಾಗಾಗಿ ಫೀಡ್‌ಬ್ಯಾಕ್ (ಮಾಡಿದ್ದರ ಫಲ ತಿರುಗಿ ಬಂದು ಮುಂದಿನದನ್ನು ಬದಲಿಸುವುದು), ಅದರ ಶಾಸ್ತ್ರವಾದ ಸೈಬರ್ನೆಟಿಕ್ಸ್ ಎಲ್ಲ ನನಗೆ ಸಿಕ್ಕಿದ್ದು ಸಿಲೆಬಸ್‌ನಲ್ಲಿ. ಅದಕ್ಕೂ ಕಲೆಗೂ ಏನಾದರೂ ಸಂಬಂಧ ಉಂಟು ಅಂತ ಯಾವ ಮೇಷ್ಟ್ರೂ ಹೇಳಲಿಲ್ಲ. ರಾತ್ರಿ ಆಟಕ್ಕೆ ಹೋಗಿ ಬೆಳಿಗ್ಗೆ ನಿದ್ದೆಗಣ್ಣಿನಲ್ಲಿ ಸರ್ಕಿಟ್ ಬರೆಯುವಾಗ ತಾನಾಗಿ ಹೊಳೆಯಿತು.

ಈ ಶಾಸ್ತ್ರ ಹುಟ್ಟಿದ್ದು ಯುದ್ಧದಿಂದ. ಎರಡನೇ ಮಹಾಯುದ್ಧದ ಕಾಲಕ್ಕೆ ಅಮೆರಿಕದ ಗಣಿತಜ್ಞ ನಾರ್ಬರ್ಟ್ ವೀನರ್ ವಿಮಾನಕ್ಕೆ ಗುರಿ ಇಡುವ ಫಿರಂಗಿಯ ಲೆಕ್ಕ ಹಾಕುತ್ತಿದ್ದರು. ಪೈಲಟ್ ಗುಂಡು ನೋಡಿ ದಾರಿ ಬದಲಿಸುತ್ತಾನೆ, ಫಿರಂಗಿಯವನು ವಿಮಾನ ನೋಡಿ ಗುರಿ ಬದಲಿಸುತ್ತಾನೆ. ಇಬ್ಬರನ್ನೂ ಬೇರೆಬೇರೆ ಇಟ್ಟು ಲೆಕ್ಕ ಮಾಡಲು ಬರುವುದಿಲ್ಲ. ಪ್ರಾಣಿಯಾಗಲಿ ಯಂತ್ರವಾಗಲಿ, ಮಾಡಿದ್ದರ ಫಲ ನೋಡಿ ಮುಂದಿನದನ್ನು ತಿದ್ದಿಕೊಳ್ಳುವ ಕ್ರಮ ಒಂದೇ ಎಂದು ವೀನರ್ 1948ರಲ್ಲಿ ಪುಸ್ತಕ ಬರೆದರು. ಬಿಡಿಭಾಗ ಕಳಚಿಟ್ಟರೆ ಜೀವ ಅರ್ಥವಾಗುವುದಿಲ್ಲ, ಭಾಗಗಳ ನಡುವಿನ ಸಂಬಂಧ ನೋಡಬೇಕು ಅಂತ ಜೀವಶಾಸ್ತ್ರಜ್ಞ ಲುಡ್ವಿಗ್ ಫಾನ್ ಬೆರ್ಟಲಾಂಫಿ ಇನ್ನೊಂದು ಕಡೆಯಿಂದ ಸಿಸ್ಟಮ್ಸ್ ಥಿಯರಿ ಕಟ್ಟುತ್ತಿದ್ದರು. ಅಂದಹಾಗೆ ವೀನರ್ 1955-56ರಲ್ಲಿ ಕಲ್ಕತ್ತೆಯ ಇಂಡಿಯನ್ ಸ್ಟಾಟಿಸ್ಟಿಕಲ್ ಇನ್‌ಸ್ಟಿಟ್ಯೂಟಿನಲ್ಲಿದ್ದರು. ಕಾಸರಗೋಡು ಇನ್ನೂ ಕೇರಳಕ್ಕೆ ಸೇರದೆ ಮದ್ರಾಸಿನಲ್ಲೇ ಇದ್ದ ದಿನಗಳು. ಅವರು ರೈಲು ಹತ್ತಿ ಕುಂಬಳೆಗೆ ಬಂದು ಒಂದು ರಾತ್ರಿ ಆಟ ನೋಡಿದ್ದರೆ ಎಂತ ಬರೆಯುತ್ತಿದ್ದರೋ ಅಂತ ನಾನು ಸುಮ್ನೆ ಯೋಚಿಸುವುದುಂಟು.

ವೀನರ್‌ಗಿಂತ ನನಗೆ ಹತ್ತಿರದವರು ಗ್ರೆಗರಿ ಬೇಟ್ಸನ್. ಮಾನವಶಾಸ್ತ್ರದವರು, ಬಾಲಿ ದ್ವೀಪದಲ್ಲಿ ಕುಣಿತ ನೋಡಿದವರು. ಮರ ಕಡಿಯುವವನ ಬಗ್ಗೆ ಅವರದ್ದೊಂದು ಮಾತಿದೆ. ಕೊಡಲಿಯ ಪ್ರತಿ ಏಟೂ ಹಿಂದಿನ ಏಟು ಮರದಲ್ಲಿ ಬಿಟ್ಟ ಗಾಯ ನೋಡಿ ತಿದ್ದಿಕೊಳ್ಳುತ್ತದೆ. ಹಾಗಾದರೆ ಮರ ಕಡಿಯುತ್ತಿರುವುದು ಯಾರು? ಅವನೊಬ್ಬನೇ ಅಲ್ಲ. ಮರ, ಕಣ್ಣು, ಮಿದುಳು, ತೋಳು, ಕೊಡಲಿ, ಏಟು, ಮತ್ತೆ ಮರ, ಈ ಇಡೀ ಸುತ್ತು. ಕಲೆಯ ಬಗ್ಗೆ ಮಾತಾಡುವಾಗ ನಾವು ಈ ಸುತ್ತನ್ನು ಕತ್ತರಿಸಿ ಒಬ್ಬ ಕಲಾವಿದರ ಹೆಸರನ್ನು ಎತ್ತಿ ಹಿಡಿಯುತ್ತೇವೆ. ಸನ್ಮಾನಕ್ಕೆ ಶಾಲು ಹೊದಿಸಲು ಒಂದು ಹೆಗಲು ಬೇಕಲ್ಲ.

1960ರ ದಶಕದಲ್ಲಿ ಯುರೋಪ್, ಅಮೆರಿಕದ ಕೆಲವು ಕಲಾವಿದರು ಈ ಸುತ್ತನ್ನೇ ಕಲೆ ಮಾಡಲು ಹೊರಟರು. ಚಿತ್ರ, ಮೂರ್ತಿ ಅಂತ ಒಂದು ವಸ್ತು ಮಾಡಿಟ್ಟು ಕೈತೊಳೆದುಕೊಳ್ಳುವುದಲ್ಲ, ವ್ಯವಸ್ಥೆಯೊಂದನ್ನು ಹುಟ್ಟಿಸಿ ಅದು ನಡೆಯುವುದನ್ನೇ ಕಲೆ ಅನ್ನುವುದು. ಕಲೆ ವಸ್ತುಗಳಿಂದ ವ್ಯವಸ್ಥೆಗಳ ಕಡೆಗೆ ಸರಿಯುತ್ತಿದೆ ಎಂದು ಕಲಾವಿಮರ್ಶಕ ಜಾಕ್ ಬರ್ನ್‌ಹ್ಯಾಮ್ 1968ರಲ್ಲಿ ಬರೆದರು. ಅದೇ ವರ್ಷ ಲಂಡನ್ನಿನಲ್ಲಿ ಯಾಸಿಯಾ ರೈಕಾರ್ಟ್ 'ಸೈಬರ್ನೆಟಿಕ್ ಸೆರೆಂಡಿಪಿಟಿ' ಎಂಬ ದೊಡ್ಡ ಪ್ರದರ್ಶನ ಏರ್ಪಡಿಸಿದರು. ಕಲಾವಿದ ಹಾನ್ಸ್ ಹಾಕೆ ಅದಕ್ಕೂ ಮೊದಲೇ ಪಾರದರ್ಶಕ ಪೆಟ್ಟಿಗೆಯೊಳಗೆ ಸ್ವಲ್ಪ ನೀರು ಹಾಕಿ ಮುಚ್ಚಿ ಇಟ್ಟಿದ್ದರು. ಕೋಣೆಯ ಬಿಸಿ, ನೋಡಲು ಬಂದವರ ಮೈಬಿಸಿಗೆ ಒಳಗೋಡೆಯ ಹನಿಗಳು ಕಟ್ಟುತ್ತವೆ, ಇಳಿಯುತ್ತವೆ. ನಮ್ಮಲ್ಲಿ ಅಡಿಕೆ ಒಣಗಿಸಲು ಕಟ್ಟುವ ಪ್ಲಾಸ್ಟಿಕ್ ಗೂಡಿನ ಒಳಮೈ ಬೆಳಿಗ್ಗೆ ಹೇಗಿರುತ್ತದೋ ಹಾಗೆ. ವ್ಯತ್ಯಾಸ ಇಷ್ಟೇ, ಅವರು ಆ ಹನಿಯನ್ನು ನೋಡಿ ಅಂದರು, ನಾವು ಒರೆಸಿ ಅಂದೆವು.

ಕುಂಬಳೆಯ ಯಕ್ಷಗಾನ ಕವಿ ಪಾರ್ತಿಸುಬ್ಬನ ಊರಿನವರಿಗೆ ಬರ್ನ್‌ಹ್ಯಾಮ್ ಹೇಳಿದ್ದು ಹೊಸತಲ್ಲ. ಪ್ರಸಂಗದ, ಅಂದರೆ ಆಡುವ ಕಥೆಯ, ಪುಸ್ತಕ ತೆರೆದರೆ ಸಿಗುವುದು ಪದಗಳು ಮಾತ್ರ. ಅರ್ಥ ಅದರಲ್ಲಿಲ್ಲ, ಕುಣಿತ ಇಲ್ಲ, ಎಷ್ಟು ಹೊತ್ತು ಅಂತಲೂ ಇಲ್ಲ. ಪುಸ್ತಕವನ್ನು ಕೈಯಲ್ಲಿ ಹಿಡಿದು ಇದೇ ಆಟ ಅಂದರೆ ಕುಂಬಳೆಯ ಮಕ್ಕಳೂ ನಗುತ್ತಾರೆ.

ಆ ಕಾಲದ ಯಂತ್ರಕಲೆಯಲ್ಲಿ ಬಹಳಷ್ಟು ಈಗ ಬರೀ ಕುತೂಹಲದ ಸಾಮಾನು. ಆದರೆ ಒಂದು ಯಂತ್ರ ನನ್ನ ತಲೆಯಿಂದ ಹೋಗುವುದಿಲ್ಲ. ಗಾರ್ಡನ್ ಪಾಸ್ಕ್ ಎಂಬ ಇಂಗ್ಲಿಷ್ ಸೈಬರ್ನೆಟಿಕ್ಸ್ ತಜ್ಞರು ಗೆಳೆಯ ರಾಬಿನ್ ಮೆಕಿನನ್‌ವುಡ್ ಜೊತೆ ಸೇರಿ 1953ರಲ್ಲಿ ಮಾಡಿದ್ದು. ಹೆಸರು ಮ್ಯೂಸಿಕಲರ್. ವಾದ್ಯ ನುಡಿಸಿದರೆ ಅದಕ್ಕೆ ತಕ್ಕ ಹಾಗೆ ಬಣ್ಣದ ದೀಪಗಳು ಹೊಳೆಯಬೇಕು. ಇಷ್ಟೇ ಆಗಿದ್ದರೆ ಅದು ಇವತ್ತಿನ ಡಿಜೆ ಲೈಟು, ಮದುವೆ ಹಾಲಿನಲ್ಲಿ ಬೇಕಾದಷ್ಟು ಸಿಗುತ್ತದೆ. ಪಾಸ್ಕ್ ಇನ್ನೊಂದು ಗುಣ ಸೇರಿಸಿದರು. ನುಡಿಸುವವರು ಒಂದೇ ಥರ ನುಡಿಸುತ್ತಾ ಇದ್ದರೆ ಯಂತ್ರಕ್ಕೆ ಬೇಸರ ಬರುತ್ತದೆ. ಒಳಗಿನ ಮಿತಿಗಳು ಸರಿದುಕೊಳ್ಳುತ್ತವೆ, ನಿನ್ನ ಆ ಚಂದದ ತುಣುಕಿಗೆ ಇನ್ನು ದೀಪ ಹತ್ತುವುದಿಲ್ಲ. ಹೊಸತು ಏನಾದರೂ ನುಡಿಸು, ಆಗ ನೋಡೋಣ. ನುಡಿಸುವವರು ಬದಲಾಯಿಸುತ್ತಾರೆ, ದೀಪ ಹತ್ತುತ್ತದೆ, ಅದನ್ನು ನೋಡಿ ಇವರಿಗೆ ಇನ್ನೇನೋ ಹೊಳೆಯುತ್ತದೆ. ಸ್ವಲ್ಪ ಹೊತ್ತಿನಲ್ಲಿ ಯಾರು ಯಾರ ಬೆನ್ನು ಹಿಡಿದಿದ್ದಾರೆ ಅಂತ ತಿಳಿಯುವುದಿಲ್ಲ. ಕೆಲವು ವರ್ಷ ಅದು ನಾಟಕಶಾಲೆ, ನೃತ್ಯದ ಹಾಲ್‌ಗಳಲ್ಲಿ ತಿರುಗಿತು. ವ್ಯಾಪಾರವಾಗಿ ನಡೆಯಲಿಲ್ಲ. 1957ರಲ್ಲಿ ನಿಂತಿತು.

ಬೇಸರವನ್ನು ಯಂತ್ರದೊಳಗೆ ಇಟ್ಟರಲ್ಲ, ಅದು ನನಗೆ ಇಷ್ಟ. ಬೇಸರ ಅಂದರೆ ಕಲೆಯ ಶತ್ರು ಅಂತ ನಾವು ತಿಳಿದಿದ್ದೇವೆ. ಬೇಸರ ಪಡುವವರು ಎದುರಿಗೆ ಇಲ್ಲದಿದ್ದರೆ ಕಲಾವಿದರಿಗೆ ತಿದ್ದಿಕೊಳ್ಳಲು ದಾರಿಯೇ ಇಲ್ಲ. ಹಳೆಯ ಇಡೀ ರಾತ್ರಿಯ ಆಟದಲ್ಲಿ ಬೆಳಗಿನ ಜಾವ ಮೂರು ಗಂಟೆಯ ಹೊತ್ತಿಗೆ ಚಾಪೆ ಮೇಲಿನ ಅರ್ಧ ಸಭೆ ಮಲಗಿರುತ್ತದೆ. ಭಾಗವತರಿಗೆ ಅದು ಅವಮಾನವಲ್ಲ, ಸುದ್ದಿ. ಶ್ರುತಿ ಏರುತ್ತದೆ, ಹಾಸ್ಯದವರು ಒಳಗೆ ಬರುತ್ತಾರೆ, ಬಣ್ಣದ ವೇಷ ದೊಂದಿ ಬೆಳಕಿನಲ್ಲಿ ಆರ್ಭಟ ಕೊಡುತ್ತಾ ಸಭೆಯ ನಡುವಿನಿಂದಲೇ ಬರುತ್ತದೆ. ಮಲಗಿದ್ದ ಮಕ್ಕಳು ಅಜ್ಜಿಯ ಸೆರಗಿಗೆ ನುಗ್ಗುತ್ತಾರೆ. ಶಬ್ದಮಾಲಿನ್ಯ ನಿಯಮದ ಪ್ರಕಾರ ರಾತ್ರಿ 10ರ ಮೇಲೆ ಮೈಕ್ ಇಲ್ಲ ಅಂತಾದ ಮೇಲೆ ಬಹಳ ಕಡೆ ಕೆಲವೇ ಗಂಟೆಯ ಕಾಲಮಿತಿ ಆಟಗಳು ಬಂದವು. ನನಗೆ ಅದರ ಮೇಲೆ ದೊಡ್ಡ ಸಿಟ್ಟೇನೂ ಇಲ್ಲ, ಬೆಳಿಗ್ಗೆ ಕೆಲಸಕ್ಕೆ ಹೋಗಬೇಕಲ್ಲ. ಆದರೆ ಕಾಲಮಿತಿಯಲ್ಲಿ ಯಾರೂ ಮಲಗುವುದಿಲ್ಲ. ಹಾಗಾಗಿ ಯಾರನ್ನೂ ಎಬ್ಬಿಸಬೇಕಾಗಿಲ್ಲ.

ತಾಳಮದ್ದಳೆಯಲ್ಲಿ ಈ ಸುತ್ತು ಬಟ್ಟೆ ಬಿಚ್ಚಿ ನಿಂತ ಹಾಗೆ ಕಾಣುತ್ತದೆ. ವೇಷ ಇಲ್ಲ, ಕುಣಿತ ಇಲ್ಲ, ಹಿಮ್ಮೇಳದ ಪದ ಮತ್ತು ಕೂತು ಆಡುವ ಮಾತು ಮಾತ್ರ. ಮರೆಯಲ್ಲಿ ನಿಂತು ಯಾಕೆ ಬಾಣ ಬಿಟ್ಟೆ ಅಂತ ವಾಲಿ ಕೇಳುತ್ತಾನೆ. ಒಬ್ಬ ವಾಲಿ ಧರ್ಮಶಾಸ್ತ್ರ ಹಿಡಿದು ಕೇಳುತ್ತಾನೆ, ಇನ್ನೊಬ್ಬ ಕಣ್ಣೀರಿನಿಂದ ಕೇಳುತ್ತಾನೆ, ಮತ್ತೊಬ್ಬ ಲೇವಡಿ ಮಾಡುತ್ತಾನೆ. ರಾಮನ ಹತ್ತಿರ ಒಂದೇ ಉತ್ತರ ಇದ್ದರೆ ಅವತ್ತು ಕೂಟ ಮುಗಿಯಿತು. ರಾಸ್ ಆ್ಯಶ್ಬಿ ಎಂಬ ಬ್ರಿಟಿಷ್ ಮನೋವೈದ್ಯರು 1956ರಲ್ಲಿ ಇದನ್ನೇ ನಿಯಮವಾಗಿ ಬರೆದರು. ಎದುರಿನಿಂದ ಎಷ್ಟು ಬಗೆಯ ಏಟು ಬರಬಹುದೋ ಅದನ್ನು ತಡೆಯಲು ನಿನ್ನಲ್ಲೂ ಅಷ್ಟು ಬಗೆ ಇರಬೇಕು. ಆ್ಯಶ್ಬಿಯವರ ಲೆಕ್ಕ ಮಿದುಳು, ಯಂತ್ರಗಳದ್ದು. ನಮ್ಮ ಅರ್ಥಧಾರಿಗಳು ಅದನ್ನು ಪುರಾಣ ಓದಿ, ಹಿರಿಯರ ಹತ್ತಿರ ಬೈಸಿಕೊಂಡು ಸಂಪಾದಿಸುತ್ತಾರೆ.

ಕೊರೊನಾ ಕಾಲದಲ್ಲಿ ನಮ್ಮ ಬಳಗದವರೂ ವಿಡಿಯೊ ಕಾಲ್‌ನಲ್ಲಿ ಕೂಟ ಮಾಡಿದರು. ನನ್ನ ಮಟ್ಟಿಗೆ ಅದಕ್ಕಿಂತ ಒಳ್ಳೆಯ ಲ್ಯಾಬ್ ಇರಲಿಲ್ಲ. ಭಾಗವತರು ಬದಿಯಡ್ಕದ ಕಡೆ, ಮದ್ದಳೆ ಮಂಗಳೂರಿನಲ್ಲಿ. ತಾಳ ಕೂಡಲೇ ಇಲ್ಲ. ಮದ್ದಳೆಯವರು ಪದ ಕೇಳಿ ಬಾರಿಸುತ್ತಾರೆ, ಆ ಪೆಟ್ಟು ಭಾಗವತರಿಗೆ ತಡವಾಗಿ ಕೇಳುತ್ತದೆ, ಮದ್ದಳೆ ಹಿಂದೆ ಬಿದ್ದಿದೆ ಅಂತ ಅವರು ನಿಧಾನ ಮಾಡುತ್ತಾರೆ, ಅದನ್ನು ಕೇಳಿ ಇವರು ಇನ್ನೂ ನಿಧಾನ. ಪದ ಕಾಲೆಳೆಯುತ್ತಾ ಮಲಗಿಬಿಡುತ್ತದೆ. ಫೀಡ್‌ಬ್ಯಾಕ್ ತಡವಾದರೆ ವ್ಯವಸ್ಥೆ ತೂಗಾಡುತ್ತದೆ ಅಥವಾ ಕುಸಿಯುತ್ತದೆ, ಪ್ಯಾನೆಲ್ ಕೆಲಸದವರಿಗೆಲ್ಲ ಗೊತ್ತಿರುವ ಪಾಠ. ಕೊನೆಗೆ ಹಾಡು, ವಾದ್ಯದ ಹಿಮ್ಮೇಳದವರನ್ನೆಲ್ಲ ಒಂದೇ ಮನೆಯಲ್ಲಿ ಕೂರಿಸಿ ಅರ್ಥಧಾರಿಗಳನ್ನು ಮಾತ್ರ ದೂರ ಇಟ್ಟರು. ತಾಳ ಉಳಿಯಿತು, ಜಗಳ ಉಳಿಯಲಿಲ್ಲ. ಕೂಟದಲ್ಲಿ ಅರ್ಧ ಗಮ್ಮತ್ತು ಎದುರಾಳಿ ಉಸಿರು ತೆಗೆದುಕೊಳ್ಳುವ ಸಂದಿಯಲ್ಲಿ ಒಂದು ಮಾತು ತೂರಿಸುವುದು. ಅರ್ಧ ಸೆಕೆಂಡ್ ತಡವಾದರೆ ಆ ಸಂದಿ ಇರುವುದಿಲ್ಲ. "ನೀವು ಹೇಳಿ, ನೀವು ಹೇಳಿ" ಅಂತ ಕೌರವ ಭೀಮನಿಗೆ ಮರ್ಯಾದೆ ಕೊಡುವ ಹಾಗಾಯಿತು.

ದೊಡ್ಡ ಮೈದಾನದ ಆಟಗಳಲ್ಲೂ ಇದೇ ಕಾಟ, ಸ್ವಲ್ಪ ಸಣ್ಣದಾಗಿ. ಶಬ್ದ ಸೆಕೆಂಡಿಗೆ ಸುಮಾರು 340 ಮೀಟರ್ ಹೋಗುತ್ತದೆ. ಹಳೆಯ ರಂಗಸ್ಥಳದಲ್ಲಿ ಚೆಂಡೆಗೂ ಕುಣಿಯುವವರಿಗೂ ನಡುವೆ ನಾಲ್ಕಾರು ಮೀಟರ್, ತಡ ಅಂದರೆ ಏನೂ ಅಲ್ಲ. ಸ್ಪೀಕರ್ 34 ಮೀಟರ್ ದೂರದಲ್ಲಿದ್ದರೆ ಅದರ ಶಬ್ದ ರಂಗಕ್ಕೆ ತಿರುಗಿ ಬರಲು ಒಂದು ಸೆಕೆಂಡಿನ ಹತ್ತನೇ ಒಂದು ಪಾಲು. ವೇಗದ ಧೀಂಗಿಣದಲ್ಲಿ ಅಷ್ಟು ಸಾಕು, ಕಾಲು ಒಂದು ಕಡೆ ಪೆಟ್ಟು ಒಂದು ಕಡೆ ಆಗಲಿಕ್ಕೆ. ವೇದಿಕೆಯ ಮೇಲೆ ಬೇರೆ ಮಾನಿಟರ್ ಇಡುವುದು ಇದಕ್ಕೇ.

ಇನ್ನೊಂದು ಬಗೆಯ ಸುತ್ತಿದೆ, ಅದು ತಿದ್ದುವುದಲ್ಲ, ಉಬ್ಬಿಸುವುದು. ಮೈಕ್ ಸ್ಪೀಕರಿನ ಎದುರು ಬಂದರೆ ಕುಂಯ್ ಅಂತ ಕೂಗುತ್ತದಲ್ಲ, ಅದೇ. ಸ್ಪೀಕರಿನ ಶಬ್ದ ಮೈಕಿಗೆ, ಮೈಕಿನದ್ದು ಮತ್ತೆ ಸ್ಪೀಕರಿಗೆ, ತಡೆಯುವವರಿಲ್ಲ. 1968ರಲ್ಲಿ ಸ್ಟೀವ್ ರೈಕ್ ಎಂಬ ಅಮೆರಿಕನ್ ಸಂಗೀತಗಾರರು ಸ್ಪೀಕರುಗಳ ಮೇಲೆ ಮೈಕ್‌ಗಳನ್ನು ನೇತುಹಾಕಿ ತೂಗಲು ಬಿಟ್ಟರು. ಮೈಕ್ ಸ್ಪೀಕರಿನ ಮೇಲೆ ಹಾದಾಗೆಲ್ಲ ಒಂದು ಕೂಗು. ತೂಗಾಟ ಕಮ್ಮಿಯಾಗುತ್ತಾ ಕೂಗುಗಳು ಕೂಡಿಕೊಂಡು ಕೊನೆಗೆ ಒಂದೇ ಉದ್ದ ಸ್ವರ. ನಮ್ಮ ಮೈಕ್‌ಸೆಟ್ಟಿನವರಿಗೆ ಇದನ್ನು ತೋರಿಸಿದೆ. "ಇದಕ್ಕೆ ಅಲ್ಲಿ ದುಡ್ಡು ಕೊಡ್ತಾರಾ?" ಅಂದರು.

ಧೀಂಗಿಣಕ್ಕೂ ಈಗ ಇದೇ ಗತಿ. ಹುಡುಗ ಗಿರಗಿರ ತಿರುಗುತ್ತಾನೆ, ಚಪ್ಪಾಳೆ ಬೀಳುತ್ತದೆ, ಇನ್ನೂ ಹತ್ತು ಸುತ್ತು ಹಾಕುತ್ತಾನೆ. ಆ ಒಂದು ನಿಮಿಷವನ್ನು ಯಾರೋ ಫೋನಿನಲ್ಲಿ ಹಿಡಿದು ಹಾಕುತ್ತಾರೆ. ಮುಂದಿನ ಊರಿನವರು ಅದನ್ನೇ ನೋಡಿ ಬಂದಿರುತ್ತಾರೆ, ಅದನ್ನೇ ಕೇಳುತ್ತಾರೆ. ಭಾಗವತರು ಮೊದಲಾದರೆ ಮುಕ್ತಾಯ ಕೊಟ್ಟು ನಿಲ್ಲಿಸುತ್ತಿದ್ದರು. ಈಗ ಅವರೂ ಕ್ಲಿಪ್ಪಿನೊಳಗೆ ಇದ್ದಾರೆ, ಅವರ ಆಲಾಪನೆಗೂ ಲೈಕ್ ಬರುತ್ತದೆ. ರಂಗದ ಮೇಲಿನ ಸುತ್ತು ಉಂಟಲ್ಲ, ಅದರಲ್ಲಿ ತಡೆ ಇತ್ತು. ಫೋನಿನ ಸುತ್ತಿನಲ್ಲಿ ಬೇಸರ ಬಂದವರು ಸುಮ್ಮನೆ ಬೆರಳು ಸರಿಸಿ ಹೋಗುತ್ತಾರೆ. ಅವರ ಆಕಳಿಕೆ ರಂಗಕ್ಕೆ ಮುಟ್ಟುವುದಿಲ್ಲ, ಮುಟ್ಟುವುದು ಲೈಕ್ ಮಾತ್ರ. ನನ್ನ ತಕರಾರು ಇರುವುದು ಇಷ್ಟಕ್ಕೇ. ಫೋನ್ ಬಂದು ಕಲೆ ಹಾಳಾಯಿತು ಅನ್ನುವವರ ಜೊತೆ ನಾನಿಲ್ಲ. ನೋಡುವವನೂ ವ್ಯವಸ್ಥೆಯ ಒಳಗೇ ಇದ್ದಾನೆ ಅಂತ ಸೈಬರ್ನೆಟಿಕ್ಸ್‌ನ ಹೈಂಜ್ ಫಾನ್ ಫೋಸ್ಟರ್ ಹೇಳಿದ್ದು ಫೋನ್ ಬರುವ ಎಷ್ಟೋ ಮೊದಲು. ಎದುರಿನ ಸಾಲಿನಲ್ಲಿ ಫೋನ್ ಎತ್ತಿ ಹಿಡಿದವರ ಕಡೆಗೇ ವೇಷ ತಿರುಗುವುದನ್ನು ನೀವೂ ನೋಡಿರುತ್ತೀರಿ, ಅಲ್ವಾ?

ದುಡ್ಡಿನ ಸುತ್ತು ಬಿಟ್ಟರೆ ಲೆಕ್ಕ ಅರ್ಧವೇ. ಹನಿಪೆಟ್ಟಿಗೆಯ ಹಾಕೆ ಮುಂದೆ ನೀರು ಬಿಟ್ಟು ನ್ಯೂಯಾರ್ಕಿನ ಮನೆಬಾಡಿಗೆ ಜಾಲವನ್ನು ಫೋಟೊ, ದಾಖಲೆ ಸಮೇತ ಕಲೆಯಾಗಿ ಮಾಡಿದರು. 1971ರಲ್ಲಿ ಗುಗೆನ್‌ಹೈಮ್ ಮ್ಯೂಸಿಯಂ ಆ ಪ್ರದರ್ಶನವನ್ನೇ ರದ್ದು ಮಾಡಿತು. ನೀರಿನ ವ್ಯವಸ್ಥೆ ತೋರಿಸಿದರೆ ಚಂದ, ಆಸ್ತಿಯದ್ದು ತೋರಿಸಿದರೆ ಕಲೆಯಲ್ಲ. ನಮ್ಮ ಕಡೆಯ ಲೆಕ್ಕ ಬೇರೆ. ಟಿಕೆಟಿನ ಡೇರೆ ಮೇಳಗಳಿಗೆ ಸಭೆಯ ಮನಸ್ಸು ಮರುದಿನವೇ ಕಲೆಕ್ಷನ್ನಿನಲ್ಲಿ ಗೊತ್ತಾಗುತ್ತಿತ್ತು. ಅದಕ್ಕೇ ಹೊಸ ಹೊಸ ತುಳು ಪ್ರಸಂಗಗಳು ಬಂದವು. ದೇವಸ್ಥಾನಕ್ಕೆ ಹರಕೆ ಹೊತ್ತವರು ಆಡಿಸುವ ಹರಕೆಯ ಮೇಳಗಳಿಗೆ ಆ ಹೆದರಿಕೆ ಇಲ್ಲ. ಕಟೀಲು ದೇವಸ್ಥಾನದ ಮೇಳದ ಆಟಕ್ಕೆ ವರ್ಷಗಟ್ಟಲೆ ಮೊದಲೇ ಬುಕ್ಕಿಂಗ್. ಆಡಿಸುವವರು ದೇವಿಗಾಗಿ ಆಡಿಸುತ್ತಾರೆ, ಸಭೆಯಲ್ಲಿ ಹತ್ತು ಜನ ಇದ್ದರೂ ಆಟ ಆಗಲೇಬೇಕು. ಡೇರೆಗಳು ಒಂದೊಂದಾಗಿ ಮಡಚಿದವು, ಹರಕೆಯವು ಉಳಿದವು. ಸಭೆಯ ಮಾತನ್ನು ಪೂರ್ತಿ ಕೇಳಿದ ಸುತ್ತು ಸತ್ತು, ಅಷ್ಟಾಗಿ ಕೇಳದ ಸುತ್ತು ಬದುಕಿತು. ಸೈಬರ್ನೆಟಿಕ್ಸ್‌ನವರು ಇದಕ್ಕೆ ಉತ್ತರ ಕೊಡಬೇಕು. ನನ್ನ ಉತ್ತರ ಇದು: ರಂಗದೊಳಗಿನ ಸುತ್ತು ಬಿಗಿಯಾಗಿರಬೇಕು, ದುಡ್ಡಿನ ಸುತ್ತು ಸಡಿಲ ಇರಬೇಕು. ಎರಡೂ ಬಿಗಿಯಾದರೆ ಕಲಾವಿದರಿಗೆ ಉಸಿರಾಡಲು ಜಾಗ ಇಲ್ಲ.

ಕಳೆದ ಮಳೆಗಾಲದಲ್ಲಿ, ಮೇಳಗಳೆಲ್ಲ ರಜೆಯಲ್ಲಿದ್ದಾಗ, ಪಾಸ್ಕ್ ಅವರ ದೀಪದ ಯಂತ್ರವನ್ನು ನಮ್ಮ ಹಿಮ್ಮೇಳಕ್ಕೆ ಮಾಡಬಹುದಾ ಅಂತ ಹೊರಟೆ. ಚೆಂಡೆ, ಮದ್ದಳೆಗೆ ಮೈಕ್, ಒಂದು ಸಣ್ಣ ಬೋರ್ಡ್, ಎಲ್‌ಇಡಿ ಸಾಲು. ಒಂದೇ ಥರ ಬಾರಿಸಿದರೆ ದೀಪ ಮಂಕಾಗಬೇಕು. ಮೈಕ್‌ಸೆಟ್ಟಿನವರಿಗೆ ವಿವರಿಸಿದೆ.

"ಅಂದ್ರೆ ಆಟ ನಡೆಯುವಾಗ ಲೈಟ್ ಆರುದಾ?"

"ಹೌದು, ಬೇಸರ ಬಂದರೆ."

"ಮಾರಾಯ್ರೇ, ಆರಿದ ಲೈಟಿಗೆ ಬಾಡಿಗೆ ಕೊಡುದು ಯಾರು?"

ಸರಿಯಾದ ಪ್ರಶ್ನೆ. ಹಾಗಾಗಿ ಯಂತ್ರ ಸದ್ಯಕ್ಕೆ ನಮ್ಮ ಮನೆಯ ಚಾವಡಿಯಲ್ಲೇ ಇದೆ. ಮದ್ದಳೆ ಬಾರಿಸುವ ಗೆಳೆಯ ಆಗಾಗ ಬಂದು ಎದುರಿಗೆ ಕೂರುತ್ತಾನೆ. ಕಷ್ಟ ನಾನು ಎಣಿಸದ ಕಡೆಯಿಂದ ಬಂತು. ತಾಳ ಅಂದರೇ ತಿರುತಿರುಗಿ ಬರುವುದು. ಯಂತ್ರಕ್ಕೆ ತಾಳವೇ ಬೇಸರ! ನಾಲ್ಕು ಆವರ್ತ ಆಗುವಷ್ಟರಲ್ಲಿ ದೀಪ ಆರಿರುತ್ತದೆ. ಹಿಡಿದು ನಡೆಸುವ ಪುನರಾವರ್ತನೆ ಯಾವುದು, ಸಾಕಪ್ಪಾ ಅನ್ನಿಸುವ ಪುನರಾವರ್ತನೆ ಯಾವುದು ಅಂತ ಭಾಗವತರಿಗೆ ಗೊತ್ತು, ಬೋರ್ಡಿಗೆ ಗೊತ್ತಿಲ್ಲ. ಈಗ ಆವರ್ತದೊಳಗಿನ ಪೆಟ್ಟುಗಳನ್ನು ಬಿಟ್ಟು, ಒಂದು ಆವರ್ತದಿಂದ ಮುಂದಿನದಕ್ಕೆ ಏನು ಬದಲಾಯಿತು ಅಂತ ಮಾತ್ರ ನೋಡು ಎಂದು ಬರೆದಿದ್ದೇನೆ. ಝಂಪೆ ತಾಳದಲ್ಲಿ ಒಂದು ಮಟ್ಟಿಗೆ ಒಪ್ಪಿಕೊಳ್ಳುತ್ತದೆ. ಏಕತಾಳದಲ್ಲಿ ಈಗಲೂ ಬೇಗ ಮುನಿಸಿಕೊಳ್ಳುತ್ತದೆ. ಗೆಳೆಯನಿಗೆ ಅದೇ ಖುಷಿ, ಏಕತಾಳದಲ್ಲೇ ಅದನ್ನು ಗೆಲ್ಲಬೇಕು ಅಂತ ಹಟ ಹಿಡಿದು ಕೂತಿದ್ದಾನೆ.